ಪೆಟ್ಟಿಗೆ ಸೇರಿದ ಬೆಳಗಿನ ತಿಂಡಿ

ಬೆಳಗಿನ ತಿಂಡಿಯ ವಿಷಯದಲ್ಲಿ ಒಂದೊಂದು ನಾಡಿಗೆ ಒಂದೊಂದು ರುಚಿ. ನಮ್ಮ ಕರಾವಳಿಯಲ್ಲಿ ಗಂಜಿ, ನೀರುದೋಸೆ, ಅವಲಕ್ಕಿ. ಬಯಲುಸೀಮೆಯಲ್ಲಿ ಉಪ್ಪಿಟ್ಟು, ಒಗ್ಗರಣೆ ಮಂಡಕ್ಕಿ. ಈಜಿಪ್ಟಿನಲ್ಲಿ ರಾತ್ರಿಯಿಡೀ ಬೆಂದ ಕಾಳು ಮತ್ತು ರೊಟ್ಟಿ. ಚೀನಾದಲ್ಲಿ ಹಬೆಯಾಡುವ ಅಕ್ಕಿಗಂಜಿ. ಆದರೆ ಇಂದು ಕೈರೋ, ಶಾಂಘೈ, ದುಬೈ, ಬೆಂಗಳೂರು, ಯಾವ ನಗರದ ದೊಡ್ಡ ಅಂಗಡಿಗೆ ಹೋದರೂ ಒಂದು ಸಾಲು ಮಾತ್ರ ಒಂದೇ ತರಹ ಇರುತ್ತದೆ. ಹುಲಿ, ಕೋಳಿ, ಕರಡಿಗಳ ಚಿತ್ರವಿರುವ ಬಣ್ಣದ ಪೆಟ್ಟಿಗೆಗಳು, ಒಳಗೆ ಗರಿಗರಿಯಾದ ಧಾನ್ಯದ ಚೂರುಗಳು. ಬಟ್ಟಲಿಗೆ ಸುರಿದು ಹಾಲು ಹಾಕಿದರೆ ತಿಂಡಿ ಸಿದ್ಧ.

ಈ ಪೆಟ್ಟಿಗೆಯ ಇತಿಹಾಸ ಸುಮಾರು 160 ವರ್ಷಗಳದ್ದು. ಅದು ಹುಟ್ಟಿದ್ದು ಅಡುಗೆಮನೆಯಲ್ಲೂ ಅಲ್ಲ, ಕಾರ್ಖಾನೆಯಲ್ಲೂ ಅಲ್ಲ, ಆಸ್ಪತ್ರೆಯಲ್ಲಿ. ರೋಗಿಗಳ ಪಥ್ಯವಾಗಿದ್ದ ಆಹಾರವೊಂದು ಮಕ್ಕಳ ಸಿಹಿತಿನಿಸಾಗಿ ಬದಲಾದ ಕಥೆ ಇದು. ಅದೇ ಆಹಾರ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ದಾರಿ ಹಿಡಿಯಿತು. ಆ ದಾರಿಗಳನ್ನು ಹೋಲಿಸಿ ನೋಡಿದರೆ, ಬೆಳಗಿನ ಬಟ್ಟಲಿನ ಮೇಲೆ ನಿಜವಾದ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಪೆಟ್ಟಿಗೆಗೂ ಮುಂಚೆ

ಒಲೆ ಹಚ್ಚದೆ ತಿನ್ನಬಹುದಾದ ಧಾನ್ಯ ಎಂಬುದು ಅಮೆರಿಕದ ಆವಿಷ್ಕಾರವಲ್ಲ. ದೂರ ಪ್ರಯಾಣ ಮಾಡುವವರು, ಹೊಲದಲ್ಲಿ ದುಡಿಯುವವರು, ಸೈನಿಕರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅರಬರ ಬಳಿ 'ಸವೀಕ್' ಇತ್ತು. ಜವೆ ಅಥವಾ ಗೋಧಿಯನ್ನು ಹುರಿದು ಬೀಸಿದ ಹಿಟ್ಟದು. ನೀರು, ಹಾಲು ಅಥವಾ ಖರ್ಜೂರದೊಂದಿಗೆ ಕಲಸಿದರೆ ಊಟವಾಗುತ್ತಿತ್ತು. ಬದ್ರ್ ಯುದ್ಧದ ಬಳಿಕ ಮದೀನಾದ ಹೊರವಲಯದ ಮೇಲೆ ದಾಳಿ ನಡೆಸಿದ ಅಬೂಸುಫ್ಯಾನರ ಪಡೆ, ಮುಸ್ಲಿಮರು ಬೆನ್ನಟ್ಟಿದಾಗ ಭಾರ ಇಳಿಸಿಕೊಳ್ಳಲು ಸವೀಕ್‌ನ ಚೀಲಗಳನ್ನು ದಾರಿಯಲ್ಲೇ ಎಸೆದು ಓಡಿತು. ಆದ್ದರಿಂದಲೇ ಆ ಘಟನೆಗೆ 'ಸವೀಕ್ ಅಭಿಯಾನ' ಎಂಬ ಹೆಸರು ಬಂತು. ಒಂದು ಸೇನಾ ಕಾರ್ಯಾಚರಣೆಗೆ ತಿಂಡಿಯ ಹೆಸರು ಬಂದ ಉದಾಹರಣೆ ಇತಿಹಾಸದಲ್ಲಿ ಅಪರೂಪ.

ಟಿಬೆಟಿಯನ್ನರ 'ತ್ಸಂಪಾ' ಇದೇ ಜಾತಿಯದು. ಹುರಿದ ಜವೆಯ ಹಿಟ್ಟನ್ನು ಅವರು ಬೆಣ್ಣೆ ಹಾಕಿದ ಚಹಾದಲ್ಲಿ ನಾದಿ ತಿನ್ನುತ್ತಾರೆ. ಬಿಹಾರದ ಸತ್ತು ಹುರಿದ ಕಡಲೆಯದು. ನಮ್ಮ ರಾಗಿ ಸೀಮೆಯ ಹುರಿಹಿಟ್ಟು, ರಾಗಿಯನ್ನು ಅರಳಿಸಿ ಬೀಸಿದ್ದು. ಬೆಲ್ಲ, ಕಾಯಿತುರಿ, ಹಾಲು ಸೇರಿದರೆ ಮಕ್ಕಳಿಗೂ ಮುದುಕರಿಗೂ ಒಗ್ಗುವ ಆಹಾರ. ಇನ್ನು ಅವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಬಿಸಿ ಇರುವಾಗಲೇ ಕುಟ್ಟಿ ಚಪ್ಪಟೆ ಮಾಡುವ ಈ ವಿದ್ಯೆಯನ್ನು ನಮ್ಮ ಹಿರಿಯರು ಯಾವ ಪ್ರಯೋಗಾಲಯದಲ್ಲೂ ಕಲಿಯಲಿಲ್ಲ.

ಯುರೋಪಿನ ಬಡವರ ಬೆಳಗು ಓಟ್ಸ್ ಗಂಜಿಯಿಂದ ಶುರುವಾಗುತ್ತಿತ್ತು. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಉಪ್ಪು ಹಾಕಿ ತಿನ್ನುವುದು ವಾಡಿಕೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಪ್ರಸಿದ್ಧ ಇಂಗ್ಲಿಷ್ ನಿಘಂಟಿನಲ್ಲಿ ಓಟ್ಸ್ ಪದಕ್ಕೆ ಅರ್ಥ ಬರೆಯುತ್ತಾ, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವುದನ್ನು ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂಬ ಧಾಟಿಯಲ್ಲಿ ಗೇಲಿ ಮಾಡಿದರು. ಬಡವರ ಧಾನ್ಯವನ್ನು ಹೀಗಳೆಯುವುದು ಎಲ್ಲ ದೇಶದ ಉಳ್ಳವರ ಹಳೆಯ ಚಾಳಿ. ಅದೇ ಧಾನ್ಯ ಮುಂದೆ ಪೆಟ್ಟಿಗೆ ಸೇರಿ, ವೈದ್ಯರ ಶಿಫಾರಸು ಪಡೆದು ಬಂದಾಗ ಉಳ್ಳವರೇ ದುಡ್ಡು ಕೊಟ್ಟು ತಿಂದರು ಎಂಬುದು ಬೇರೆ ಮಾತು.

ಪಥ್ಯದ ಕಾಲ

19ನೇ ಶತಮಾನದ ಅಮೆರಿಕದಲ್ಲಿ ಅನುಕೂಲಸ್ಥರ ಬೆಳಗಿನ ಊಟವೆಂದರೆ ಉಪ್ಪು ಹಾಕಿದ ಹಂದಿ ಮಾಂಸ, ಹುರಿದ ಆಲೂಗಡ್ಡೆ, ಬೆಣ್ಣೆ. ಅಜೀರ್ಣ ಅಲ್ಲಿನ ಮನೆಮನೆಯ ದೂರಾಗಿತ್ತು. ಇದರ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಧರ್ಮೋಪದೇಶಕ ಸಿಲ್ವೆಸ್ಟರ್ ಗ್ರಹಾಂ (1794–1851) ಒಬ್ಬರು. ಮಾಂಸ, ಮದ್ಯ, ಮಸಾಲೆಗಳು ದೇಹವನ್ನು ಮಾತ್ರವಲ್ಲ, ನಡತೆಯನ್ನೂ ಕೆಡಿಸುತ್ತವೆ, ತೌಡು ತೆಗೆಯದ ಗೋಧಿಯ ರೊಟ್ಟಿಯೇ ಮನುಷ್ಯನಿಗೆ ಯೋಗ್ಯ ಎಂಬುದು ಅವರ ಬೋಧನೆ.

ಆ ವಿಚಾರದಿಂದ ಪ್ರಭಾವಿತರಾದ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದರು. 1863ರಲ್ಲಿ ಅವರು ತೌಡುಸಹಿತ ಗೋಧಿಹಿಟ್ಟನ್ನು ನೀರಿನಲ್ಲಿ ಕಲಸಿ, ಹಾಳೆಯಂತೆ ಬೇಯಿಸಿ, ಪುಡಿ ಮಾಡಿ, ಮತ್ತೊಮ್ಮೆ ಬೇಯಿಸಿ ರೋಗಿಗಳಿಗೆ ಕೊಟ್ಟರು. 'ಗ್ರಾನುಲಾ' ಎಂದು ಅದಕ್ಕೆ ಹೆಸರು. ಪೊಟ್ಟಣದ ಧಾನ್ಯ ತಿಂಡಿಗಳ ಮೂಲಪುರುಷ ಅದೇ. ಕಲ್ಲಿನಷ್ಟು ಗಟ್ಟಿಯಾಗಿದ್ದ ಅದನ್ನು ರಾತ್ರಿಯೇ ಹಾಲಿನಲ್ಲಿ ನೆನೆಹಾಕಬೇಕಿತ್ತು.

ಮುಂದಿನ ಅಧ್ಯಾಯ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಪಟ್ಟಣದ್ದು. ಮಾಂಸಾಹಾರ ಬಿಡಬೇಕೆಂದು ಬೋಧಿಸುತ್ತಿದ್ದ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡ 1866ರಲ್ಲಿ ಅಲ್ಲೊಂದು ಆರೋಗ್ಯಧಾಮ ತೆರೆಯಿತು. 1876ರಲ್ಲಿ ಅದರ ಹೊಣೆ ಹೊತ್ತ ಯುವ ವೈದ್ಯ ಜಾನ್ ಹಾರ್ವೆ ಕೆಲ್ಲಾಗ್ ಅದನ್ನು ದೇಶದ ಶ್ರೀಮಂತರೆಲ್ಲ ಬಂದು ತಂಗುವ ದೊಡ್ಡ ಸಂಸ್ಥೆಯಾಗಿ ಬೆಳೆಸಿದರು. ಲೆಕ್ಕಪತ್ರ, ಪತ್ರವ್ಯವಹಾರ, ಓಡಾಟಗಳಿಗೆಲ್ಲ ತಮ್ಮ ವಿಲ್ ಕೀತ್ ಕೆಲ್ಲಾಗ್.

1894ರಲ್ಲಿ ಅಣ್ಣತಮ್ಮಂದಿರು ರೋಗಿಗಳಿಗಾಗಿ ಗೋಧಿಯ ಪ್ರಯೋಗ ನಡೆಸುತ್ತಿದ್ದಾಗ, ಬೇಯಿಸಿದ ಗೋಧಿ ಬಹಳ ಹೊತ್ತು ಹಾಗೇ ಉಳಿದುಬಿಟ್ಟಿತು. ಎಸೆಯಲು ಮನಸ್ಸಾಗದೆ ಉರುಳೆಗಳ ನಡುವೆ ಹಾಯಿಸಿದಾಗ ಹಿಟ್ಟಿನ ಹಾಳೆಯ ಬದಲು ಒಂದೊಂದು ಕಾಳೂ ಒಂದೊಂದು ತೆಳು ಚೂರಾಗಿ ಹೊರಬಂತು. ಅದನ್ನು ಬಿಸಿಗೂಡಿನಲ್ಲಿ ಹುರಿದರೆ ಗರಿಗರಿ. ನೀರು ಕಾಳಿನ ಒಳಗೆಲ್ಲ ಸಮನಾಗಿ ಹರಡಲು ಹೊತ್ತು ಸಿಕ್ಕಿದ್ದೇ ಇದರ ಗುಟ್ಟು. 1896ರ ಏಪ್ರಿಲ್‌ನಲ್ಲಿ ಈ ವಿಧಾನಕ್ಕೆ ಪೇಟೆಂಟ್ ದೊರೆಯಿತು. ಪೇಟೆಂಟ್ ಇದ್ದದ್ದು ಅಣ್ಣನ ಹೆಸರಲ್ಲಿ ಮಾತ್ರ.

ನೆನೆಸುವುದು, ಬಿಸಿ ಮಾಡುವುದು, ಚಪ್ಪಟೆ ಮಾಡುವುದು. ಅವಲಕ್ಕಿ ಕುಟ್ಟಿದ ಯಾವ ಅಜ್ಜಿಗೂ ಈ ಮೂರು ಹೆಜ್ಜೆಗಳು ಹೊಸತಲ್ಲ. ಒನಕೆಯ ಜಾಗದಲ್ಲಿ ಉರುಳೆ ಬಂತು, ಕೊನೆಯಲ್ಲಿ ಇನ್ನೊಮ್ಮೆ ಹುರಿಯುವ ಕ್ರಮ ಸೇರಿತು. ಇನ್ನೊಂದು ದೊಡ್ಡ ವ್ಯತ್ಯಾಸವೆಂದರೆ, ಅವಲಕ್ಕಿಗೆ ಒಡೆಯನಿರಲಿಲ್ಲ. ಇದಕ್ಕೆ ಒಡೆಯನಿದ್ದ.

ಅಣ್ಣನ ಪಥ್ಯ, ತಮ್ಮನ ಸಕ್ಕರೆ

ಒಡೆತನ ಬಂದ ಮೇಲೆ ಜಗಳ ಬರುವುದಕ್ಕೆ ತಡವಾಗಲಿಲ್ಲ. 1891ರಲ್ಲಿ ಬ್ಯಾಟಲ್ ಕ್ರೀಕ್‌ಗೆ ರೋಗಿಯಾಗಿ ಬಂದಿದ್ದ ಸಿ. ಡಬ್ಲ್ಯು. ಪೋಸ್ಟ್ ಎಂಬ ವ್ಯಾಪಾರಿ ಅಲ್ಲಿನ ಪಥ್ಯದಲ್ಲಿ ಲಾಭ ಕಂಡ. 1895ರಲ್ಲಿ ಕಾಫಿಗೆ ಬದಲಿ ಪೇಯ, 1897ರಲ್ಲಿ 'ಗ್ರೇಪ್ ನಟ್ಸ್' ಎಂಬ ಧಾನ್ಯ ತಿಂಡಿ ಮಾರುಕಟ್ಟೆಗೆ ಬಿಟ್ಟ. ಅದರಲ್ಲಿ ದ್ರಾಕ್ಷಿಯೂ ಇರಲಿಲ್ಲ, ಬೀಜವೂ ಇರಲಿಲ್ಲ. 1904ರಲ್ಲಿ ಜೋಳದ ಚೂರುಗಳಿಗೆ 'ಎಲೈಜಾನ ಮನ್ನ' ಎಂದು ಹೆಸರಿಟ್ಟ. ಎಲೈಜಾ ಎಂದರೆ ನಾವು ಇಲ್ಯಾಸ್(ಅ) ಎಂದು ಕರೆಯುವ ಪ್ರವಾದಿ. ಮನ್ನ ಎಂದರೆ ಬನೀ ಇಸ್ರಾಈಲರಿಗೆ ಮರುಭೂಮಿಯಲ್ಲಿ ದೊರೆತ ದೈವಿಕ ಆಹಾರ. ಪ್ರವಾದಿಯ ಹೆಸರನ್ನು ಪೆಟ್ಟಿಗೆಯ ಮೇಲೆ ಅಂಟಿಸಿ ಮಾರುವುದನ್ನು ಪಾದ್ರಿಗಳು ಕಟುವಾಗಿ ವಿರೋಧಿಸಿದರು. 1908ರಲ್ಲಿ ಆತ ಹೆಸರು ಬದಲಿಸಿ 'ಪೋಸ್ಟ್ ಟೋಸ್ಟೀಸ್' ಎಂದ. ಧರ್ಮದ ಮಡಿಲಲ್ಲಿ ಹುಟ್ಟಿದ ಆಹಾರ ಹತ್ತೇ ವರ್ಷಗಳಲ್ಲಿ ಧರ್ಮವನ್ನು ಜಾಹೀರಾತಿಗೆ ಬಳಸುವ ಮಟ್ಟಕ್ಕೆ ಬಂದಿತ್ತು.

ಇದನ್ನೆಲ್ಲ ನೋಡುತ್ತಿದ್ದ ವಿಲ್ ಕೆಲ್ಲಾಗ್‌ಗೆ ಸುಮ್ಮನಿರಲಾಗಲಿಲ್ಲ. ಜೋಳದ ಚೂರುಗಳಿಗೆ ಸ್ವಲ್ಪ ಸಕ್ಕರೆ ಸೇರಿಸಿದರೆ ಆರೋಗ್ಯವಂತರೂ ಕೊಳ್ಳುತ್ತಾರೆ ಎಂಬುದು ಅವರ ಲೆಕ್ಕಾಚಾರ. ಸಕ್ಕರೆಯನ್ನೇ ವಿರೋಧಿಸುತ್ತಿದ್ದ ಅಣ್ಣನಿಗೆ ಅದು ಸಿದ್ಧಾಂತದ್ರೋಹ. 1906ರಲ್ಲಿ ತಮ್ಮ ಸ್ವಂತ ಕಂಪನಿ ಸ್ಥಾಪಿಸಿದರು. 'ಕೆಲ್ಲಾಗ್' ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ವ್ಯಾಜ್ಯ ಕೋರ್ಟು ಹತ್ತಿ, 1920ರಲ್ಲಿ ತಮ್ಮನ ಪರವಾಗಿ ಮುಗಿಯಿತು. ಅಣ್ಣತಮ್ಮಂದಿರ ನಡುವಿನ ಕಹಿ ಮಾತ್ರ ಮುಗಿಯಲಿಲ್ಲ.

ಇಬ್ಬರನ್ನೂ ಕಪ್ಪುಬಿಳುಪಾಗಿ ನೋಡುವುದು ಸರಿಯಲ್ಲ. ಡಾ. ಕೆಲ್ಲಾಗ್ ದಂಪತಿ ಸುಮಾರು 40 ಮಕ್ಕಳನ್ನು ಸಾಕಿದರು. ಅದೇ ವೈದ್ಯರು ಮನುಷ್ಯರಲ್ಲಿ ಮೇಲು ತಳಿ, ಕೀಳು ತಳಿ ಎಂದು ವಿಂಗಡಿಸುವ ವಾದಕ್ಕೂ ಬೆಂಬಲವಾಗಿ ನಿಂತರು. 1914ರಲ್ಲಿ 'ಜನಾಂಗ ಸುಧಾರಣೆ'ಯ ಸಮ್ಮೇಳನ ನಡೆದದ್ದು ಅವರ ಬ್ಯಾಟಲ್ ಕ್ರೀಕ್‌ನಲ್ಲೇ. ತಮ್ಮನೋ ಅಪ್ಪಟ ವ್ಯಾಪಾರಿ. ಆದರೆ ಆರ್ಥಿಕ ಮಹಾಕುಸಿತದ ನಡುವೆ, 1930ರ ಡಿಸೆಂಬರ್‌ನಲ್ಲಿ, ಕಾರ್ಖಾನೆಯ 8 ಗಂಟೆಯ ಮೂರು ಪಾಳಿಗಳನ್ನು 6 ಗಂಟೆಯ ನಾಲ್ಕು ಪಾಳಿಗಳಾಗಿ ಮಾಡಿ ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಆ ಪದ್ಧತಿಯ ಕೊನೆಯ ಕುರುಹು ಅಳಿದದ್ದು 1985ರಲ್ಲಿ.

ದಿನದ ಊಟಗಳಲ್ಲೆಲ್ಲ ಬೆಳಗಿನದೇ ಮುಖ್ಯ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 1917ರಲ್ಲಿ ಅದನ್ನು ಅಮೆರಿಕದ ಓದುಗರ ಮುಂದಿಟ್ಟವರು ಆಹಾರತಜ್ಞೆ ಲೆನಾ ಕೂಪರ್. ಪ್ರಕಟಿಸಿದ್ದು ಡಾ. ಕೆಲ್ಲಾಗ್ ಸಂಪಾದಿಸುತ್ತಿದ್ದ 'ಗುಡ್ ಹೆಲ್ತ್' ಪತ್ರಿಕೆ. ಮಾತು ಸುಳ್ಳೆಂದಲ್ಲ. ಆದರೆ ಅದು ಯಾರ ಅಂಗಳದಲ್ಲಿ ಬೆಳೆಯಿತು ಎಂಬುದು ಗೊತ್ತಿರಬೇಕು.

ಅದೇ ಕಾಲ, ಬೇರೆ ದಾರಿ

ಇದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮತ್ತೊಬ್ಬ ವೈದ್ಯ ಮತ್ತೊಂದು ಬಟ್ಟಲು ಸಿದ್ಧಪಡಿಸುತ್ತಿದ್ದರು. ಮ್ಯಾಕ್ಸಿಮಿಲಿಯನ್ ಬಿರ್ಷರ್ ಬೆನ್ನರ್ ಅವರ 'ಮ್ಯೂಸ್ಲಿ' ಹುಟ್ಟಿದ್ದು 1900ರ ಸುಮಾರಿಗೆ. ಆಲ್ಪ್ಸ್ ಬೆಟ್ಟಗಳ ದನಗಾಹಿಗಳ ಊಟದಿಂದ ಅವರಿಗೆ ಅದು ಹೊಳೆಯಿತು ಎನ್ನುತ್ತಾರೆ. ಇಂದಿನ ಮ್ಯೂಸ್ಲಿಯಲ್ಲಿ ಧಾನ್ಯವೇ ಹೆಚ್ಚು, ಹಣ್ಣು ಕಡಿಮೆ. ಮೂಲದಲ್ಲಿ ಅದು ತಿರುವುಮುರುವು. ನೀರಿನಲ್ಲಿ ನೆನೆಸಿದ ಒಂದೇ ಚಮಚ ಓಟ್ಸ್, ಸಿಪ್ಪೆಸಹಿತ ತುರಿದ ಇಡೀ ಸೇಬು, ನಿಂಬೆರಸ, ಒಂದಿಷ್ಟು ಬೀಜಗಳ ಪುಡಿ, ಒಂದು ಚಮಚ ಗಟ್ಟಿ ಹಾಲು. ಹಸಿ ಹಾಲಿನಿಂದ ಕ್ಷಯ ಹರಡುವ ಭಯವಿದ್ದ ಕಾಲವಾದ್ದರಿಂದ ಡಬ್ಬಿಯ ಹಾಲು.

1904ರಲ್ಲಿ ತೆರೆದ ಅವರ ಆರೋಗ್ಯಧಾಮದಲ್ಲಿ ರೋಗಿಗಳು ಬೇಗ ಏಳಬೇಕು, ನಡೆಯಬೇಕು, ತೋಟದಲ್ಲಿ ಮೈ ಬಗ್ಗಿಸಬೇಕು. ಮ್ಯೂಸ್ಲಿ ಆ ಶಿಸ್ತಿನ ಒಂದು ಭಾಗವಷ್ಟೆ. ಗಮನಿಸಬೇಕಾದ ಅಂಶವೆಂದರೆ, ಸೇಬನ್ನು ತುರಿದ ಗಳಿಗೆಯಲ್ಲೇ ತಿನ್ನಬೇಕು, ಇಲ್ಲವಾದರೆ ಕಪ್ಪಾಗುತ್ತದೆ. ತಿಂಗಳುಗಟ್ಟಲೆ ಕೆಡದಿರುವ ವಸ್ತುವಲ್ಲ ಅದು. ಆದ್ದರಿಂದ ಮನೆಮನೆಯ ಅಡುಗೆಯಾಗಿ ಹರಡಿತು. ಒಣ ಮ್ಯೂಸ್ಲಿಯ ಪೊಟ್ಟಣ ಬಂದದ್ದು ಆಮೇಲೆ. ಆಗ ತಾಜಾ ಸೇಬಿನ ಜಾಗಕ್ಕೆ ಒಣದ್ರಾಕ್ಷಿ ಮತ್ತು ಸಕ್ಕರೆ ಬಂದು ಕೂತವು.

ಆಸ್ಟ್ರೇಲಿಯಾಕ್ಕೆ ಈ ತಿಂಡಿ ತಲುಪಿದ್ದು ಅಡ್ವೆಂಟಿಸ್ಟರ ಮೂಲಕವೇ. 1897ರಲ್ಲಿ ಬ್ಯಾಟಲ್ ಕ್ರೀಕ್‌ನ ಬೇಕರಿ ಕೆಲಸಗಾರನೊಬ್ಬ ಅಲ್ಲಿಗೆ ಹೋದ. ಆ ಪಂಗಡದ 'ಸ್ಯಾನಿಟೇರಿಯಂ' ಸಂಸ್ಥೆ 1928ರಲ್ಲಿ 'ವೀಟ್ ಬಿಕ್ಸ್' ಎಂಬ ಗೋಧಿಯ ಬಿಲ್ಲೆಯನ್ನು ಕೊಂಡುಕೊಂಡಿತು. ಅದು ಅಲ್ಲಿನ ಬಹುತೇಕ ಮನೆಗಳ ತಿಂಡಿಯಾಯಿತು. ಸಂಸ್ಥೆ ಇವತ್ತಿಗೂ ಚರ್ಚಿನ ಒಡೆತನದಲ್ಲೇ ಇದೆ. ಅದೇ ಬಿಲ್ಲೆ 1932ರಲ್ಲಿ ಇಂಗ್ಲೆಂಡಿಗೆ ಹೋಗಿ 'ವೀಟಾಬಿಕ್ಸ್' ಆಯಿತು. ಅಮೆರಿಕದ ಜೋಳದ ಚೂರುಗಳಿಗೆ ಹೋಲಿಸಿದರೆ ಇವೆರಡೂ ತೌಡುಸಹಿತ ಗೋಧಿಯವು, ಸಕ್ಕರೆಯೂ ಕಡಿಮೆ.

ವೀಟಾಬಿಕ್ಸ್‌ನ ಮುಂದಿನ ಪಯಣವೂ ಸ್ವಾರಸ್ಯಕರ. 2012ರಲ್ಲಿ ಶಾಂಘೈನ ಬ್ರೈಟ್ ಫುಡ್ ಕಂಪನಿ ಅದರ ಶೇ. 60 ಪಾಲು ಕೊಂಡಿತು. ಆದರೆ ಬೆಳಗ್ಗೆ ಬಿಸಿ ಗಂಜಿಯನ್ನೋ ಹಬೆಯಲ್ಲಿ ಬೆಂದ ಉಂಡೆಯನ್ನೋ ತಿನ್ನುವ ಚೀನೀಯರಿಗೆ ತಣ್ಣನೆಯ ಹಾಲಿನ ಗೋಧಿ ಬಿಲ್ಲೆ ಹಿಡಿಸಲಿಲ್ಲ. 2017ರಲ್ಲಿ ಕಂಪನಿ ಮತ್ತೆ ಕೈ ಬದಲಾಯಿಸಿತು. ಕೊಂಡದ್ದು ಅಮೆರಿಕದ ಪೋಸ್ಟ್, ಅಂದರೆ ಬ್ಯಾಟಲ್ ಕ್ರೀಕ್‌ನ ಆ ಹಳೆಯ ರೋಗಿಯ ಹೆಸರಿನ ಸಂಸ್ಥೆ.

ಮಕ್ಕಳ ಮೇಲೆ ಕಣ್ಣು

ಅಮೆರಿಕದಲ್ಲಿ ತಮ್ಮನ ದಾರಿಯೇ ಗೆದ್ದಿತು. 1909ರಷ್ಟು ಹಿಂದೆಯೇ ಕೆಲ್ಲಾಗ್ ಕಂಪನಿ ಪೆಟ್ಟಿಗೆ ಕೊಂಡವರ ಮಕ್ಕಳಿಗೆ ಚಿತ್ರಪುಸ್ತಕದ ಉಡುಗೊರೆ ಕೊಡಲಾರಂಭಿಸಿತ್ತು. 1939ರಲ್ಲಿ ಸಕ್ಕರೆ ಲೇಪಿಸಿದ ಮೊದಲ ಧಾನ್ಯ ತಿಂಡಿ ಬಂತು. ಎರಡನೇ ಮಹಾಯುದ್ಧದ ನಂತರ ಟೆಲಿವಿಷನ್ ಮನೆಗೆ ಕಾಲಿಟ್ಟಾಗ ವ್ಯಾಪಾರಿಗಳಿಗೆ ಹೊಸ ಬಾಗಿಲು ತೆರೆಯಿತು. ಅಲ್ಲಿಯವರೆಗೆ ತಾಯಿಯನ್ನು ಒಪ್ಪಿಸಬೇಕಿತ್ತು. ಇನ್ನು ಮಗುವನ್ನು ಒಪ್ಪಿಸಿದರೆ ಸಾಕು, ತಾಯಿಯನ್ನು ಮಗುವೇ ಒಪ್ಪಿಸುತ್ತದೆ. 1952ರಲ್ಲಿ ಹುಲಿಯ ಚಿತ್ರದ ಸಕ್ಕರೆ ಲೇಪಿತ ಕಾರ್ನ್‌ಫ್ಲೇಕ್ಸ್ ಬಂತು. ಮರುವರ್ಷ ಬಂದ 'ಶುಗರ್ ಸ್ಮ್ಯಾಕ್ಸ್'ನ ತೂಕದಲ್ಲಿ ಶೇ. 56 ಸಕ್ಕರೆಯೇ ಇತ್ತು. ಹೆಸರಿನಲ್ಲೇ ಸಕ್ಕರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಅದು. 1964ರಲ್ಲಿ ಬಂದ 'ಲಕ್ಕಿ ಚಾರ್ಮ್ಸ್'ನ ಬಣ್ಣದ ಮಾರ್ಷ್‌ಮ್ಯಾಲೋ ತುಣುಕುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇದೆ. ಮಾಂಸ ಬಿಡಿಸಲೆಂದು ಹುಟ್ಟಿದ ತಿಂಡಿಯ ವಂಶಕ್ಕೆ ಇಂತಹ ಕುಡಿ!

1970ರಲ್ಲಿ ರಾಬರ್ಟ್ ಚೋಟ್ ಎಂಬುವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ 60 ಧಾನ್ಯ ತಿಂಡಿಗಳ ಪಟ್ಟಿಯಿಟ್ಟು, ಅವುಗಳಲ್ಲಿ 40ರಲ್ಲಿ ಬರಿಯ ಕ್ಯಾಲೊರಿ ಬಿಟ್ಟರೆ ಹೆಚ್ಚೇನೂ ಇಲ್ಲ ಎಂದು ವಾದಿಸಿದರು. ಕಂಪನಿಗಳು ಕೊಟ್ಟ ಉತ್ತರ ಸರಳ. ವಿಟಮಿನ್ ಮತ್ತು ಕಬ್ಬಿಣದ ಪುಡಿಯನ್ನು ಇನ್ನಷ್ಟು ಸೇರಿಸಿ, ಅದನ್ನೇ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದವು. ಕಾಳಿನ ಮೊಳಕೆಯ ಭಾಗವನ್ನೂ ತೌಡನ್ನೂ ತೆಗೆದುಹಾಕುವುದು, ಆಮೇಲೆ ಕಳೆದುಕೊಂಡದ್ದನ್ನು ಪುಡಿಯ ರೂಪದಲ್ಲಿ ಸಿಂಪಡಿಸಿ ಪುಣ್ಯ ಕಟ್ಟಿಕೊಳ್ಳುವುದು!

ಇದಕ್ಕೆ ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಸ್ಪಂದಿಸಿತು. 2004ರಲ್ಲಿ ಡೆನ್ಮಾರ್ಕ್ ಸರಕಾರ ಕೆಲ್ಲಾಗ್ಸ್‌ನ 18 ಉತ್ಪನ್ನಗಳಿಗೆ ವಿಟಮಿನ್ ಮತ್ತು ಖನಿಜ ಬೆರೆಸಲು ಅನುಮತಿ ನಿರಾಕರಿಸಿತು. ದಿನವೂ ತಿಂದರೆ ಎಳೆಯ ಮಕ್ಕಳ, ಗರ್ಭಿಣಿಯರ ದೇಹಕ್ಕೆ ಅವು ಮಿತಿಮೀರಿ ಸೇರಬಹುದು ಎಂಬುದು ಅದು ಕೊಟ್ಟ ಕಾರಣ. ಚಿಲಿ ದೇಶದಲ್ಲಿ 2016ರ ಜೂನ್‌ನಲ್ಲಿ ಜಾರಿಯಾದ ಕಾನೂನು ಸಕ್ಕರೆ ಹೆಚ್ಚಿರುವ ಪೆಟ್ಟಿಗೆಗಳ ಮೇಲೆ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಜೊತೆಗೆ ಹುಲಿ, ಮೊಲಗಳನ್ನು ಪೆಟ್ಟಿಗೆಯಿಂದ ಓಡಿಸಿತು. ಮೆಕ್ಸಿಕೊ 2020ರಲ್ಲಿ ಅದೇ ಹಾದಿ ಹಿಡಿಯಿತು. ಮೆಕ್ಕೆಜೋಳದ ತವರಾದ ದೇಶವೇ ಮೆಕ್ಕೆಜೋಳದ ಸಿಹಿ ಚೂರುಗಳ ಮೇಲೆ ಎಚ್ಚರಿಕೆಯ ಮುದ್ರೆ ಒತ್ತಿತು.

ಬ್ರಿಟನ್ನಿನಲ್ಲಿ, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಅಂಗಡಿಯ ಕಣ್ಣಿಗೆ ಬೀಳುವ ಜಾಗಗಳಲ್ಲಿ ಇಡಬಾರದೆಂಬ ನಿಯಮವನ್ನು ಕೆಲ್ಲಾಗ್ಸ್ ಕೋರ್ಟಿನಲ್ಲಿ ಪ್ರಶ್ನಿಸಿತು. ಜನ ಇದನ್ನು ಹಾಲು ಹಾಕಿಕೊಂಡು ತಿನ್ನುವುದರಿಂದ ಹಾಲನ್ನೂ ಸೇರಿಸಿ ಸಕ್ಕರೆಯ ಪ್ರಮಾಣ ಅಳೆಯಬೇಕು ಎಂಬುದು ಅದರ ವಾದ. 2022ರ ಜುಲೈನಲ್ಲಿ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಹಾಲು ಬೆರೆಸಿದ ಮಾತ್ರಕ್ಕೆ ಸಕ್ಕರೆ ಮಾಯವಾಗುವುದಿಲ್ಲವಲ್ಲ!

ನಮ್ಮ ಬಿಸಿ ಹಾಲು

ಮೋಹನ್ ಮೀಕಿನ್‌ನಂತಹ ದೇಶೀ ಕಂಪನಿಗಳ ಕಾರ್ನ್‌ಫ್ಲೇಕ್ಸ್ ಭಾರತದಲ್ಲಿ ಮೊದಲೇ ಇತ್ತು. 1994ರಲ್ಲಿ, ಉದಾರೀಕರಣದ ಬೆನ್ನಲ್ಲೇ, ಕೆಲ್ಲಾಗ್ಸ್ ದೊಡ್ಡ ನಿರೀಕ್ಷೆಯೊಂದಿಗೆ ಕಾಲಿಟ್ಟಿತು. ಆದರೆ ಇಲ್ಲಿ ಅದು ಎಡವಿದ್ದು ಹಾಲಿನಲ್ಲಿ. ನಮ್ಮ ಮನೆಗಳಲ್ಲಿ ಹಾಲು ಕಾಯಿಸುವುದು ರೂಢಿ, ಕಾಯಿಸಿದ ಹಾಲನ್ನು ಬಿಸಿಯಾಗಿಯೇ ಬಳಸುವುದು ಅಭ್ಯಾಸ. ತಣ್ಣನೆಯ ಹಾಲಿನಲ್ಲಿ ಗರಿಗರಿಯಾಗಿರಲೆಂದು ರೂಪಿಸಿದ ಚೂರುಗಳು ಬಿಸಿ ಹಾಲಿನಲ್ಲಿ ಕ್ಷಣದಲ್ಲಿ ಮೆತ್ತಗಾದವು. ಬೆಲೆಯೂ ಹೆಚ್ಚು. ಇಡ್ಲಿ, ಪರಾಠಾ ಬಿಟ್ಟು ಇದನ್ನೇಕೆ ತಿನ್ನಬೇಕು ಎಂದು ಜನರಿಗೆ ಅರ್ಥವಾಗಲಿಲ್ಲ. ಆಗ ಕಂಪನಿ ಹಿಡಿದದ್ದು ಅಮೆರಿಕದಲ್ಲಿ ಪರೀಕ್ಷಿಸಿ ಗೆದ್ದ ದಾರಿಯನ್ನೇ. ಚಾಕೊಲೇಟ್ ರುಚಿಯ ತಿಂಡಿ ಮಕ್ಕಳ ಮುಂದೆ ಬಂತು. ದೊಡ್ಡವರಿಗೆ ಒಗ್ಗದ್ದು ಮಕ್ಕಳಿಗೆ ಒಗ್ಗಿತು. ಮಸಾಲೆ ಹಾಕಿದ ಓಟ್ಸ್ ಬಂದ ಮೇಲೆ ದೊಡ್ಡವರೂ ಸೋತರು.

ಪುರಿಯ ಕಥೆ ಇನ್ನೂ ಕುತೂಹಲಕರ. 1901ರಲ್ಲಿ ಅಲೆಕ್ಸಾಂಡರ್ ಆಂಡರ್ಸನ್ ಎಂಬ ಅಮೆರಿಕನ್ ಸಸ್ಯವಿಜ್ಞಾನಿ, ಬಾಯಿ ಮುಚ್ಚಿದ ಗಾಜಿನ ನಳಿಕೆಯಲ್ಲಿ ಪಿಷ್ಟವನ್ನು ಕಾಯಿಸಿ ನಳಿಕೆ ಒಡೆದಾಗ ಅದು ಉಬ್ಬುವುದನ್ನು ಕಂಡುಹಿಡಿದರು. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ಕ್ವೇಕರ್ ಓಟ್ಸ್ ಕಂಪನಿ ಫಿರಂಗಿಗಳಿಂದ ಅಕ್ಕಿಯನ್ನು ಹಾರಿಸಿ ಪುರಿ ಮಾಡಿ ತೋರಿಸಿತು. ಜನ ಬೆರಗಾದರು. ಕಾದ ಮರಳಿನಲ್ಲಿ ಅಕ್ಕಿ ಹಾಕಿ, ಕಣ್ಣುಮಿಟುಕಿಸುವಷ್ಟರಲ್ಲಿ ಅರಳಿಸಿ ಜರಡಿ ಹಿಡಿಯುವ ನಮ್ಮ ಮಂಡಕ್ಕಿ ಭಟ್ಟಿಯವರು ಆ ಮೇಳದಲ್ಲಿದ್ದಿದ್ದರೆ ಬೆರಗಾಗುತ್ತಿದ್ದರೇ? ತತ್ವ ಒಂದೇ. ಕಾಳಿನೊಳಗಿನ ತೇವ ಹಬೆಯಾಗಿ ಹೊರನುಗ್ಗುವಾಗ ಕಾಳು ಅರಳುತ್ತದೆ. ದಾವಣಗೆರೆಯ ಭಟ್ಟಿಗಳ ಬೆಂಕಿಯ ಮುಂದೆ ತಲೆಮಾರುಗಳಿಂದ ಬೆವರು ಸುರಿಸುತ್ತಿರುವವರಲ್ಲಿ ಅನೇಕರು ಬಡ ಮುಸ್ಲಿಂ ಕುಟುಂಬದವರು. ಅದೇ ವಿದ್ಯೆ ಅಮೆರಿಕದಲ್ಲಿ ಕಂಪನಿಗಳನ್ನು ಕಟ್ಟಿತು. ಇಲ್ಲಿ ಹೊಗೆಯನ್ನಷ್ಟೇ ಉಳಿಸಿತು.

ತಕ್ಕಡಿಯಲ್ಲಿಟ್ಟು ನೋಡಿದಾಗ

ಹಾಗೆಂದು ಪೆಟ್ಟಿಗೆಯ ತಿಂಡಿಯನ್ನು ಪೂರಾ ತಿರಸ್ಕರಿಸಬೇಕಾಗಿಲ್ಲ. ನಸುಕಿಗೇ ಎದ್ದು, ಮಕ್ಕಳನ್ನು ಶಾಲೆಗೆ ಕಳಿಸಿ, ತಾನೂ ಕೆಲಸಕ್ಕೆ ಓಡಬೇಕಾದ ತಾಯಿಗೆ ಅರ್ಧ ಗಂಟೆ ಉಳಿದರೆ ಅದು ಸಣ್ಣ ಉಪಕಾರವಲ್ಲ. ಒಲೆಯ ಮುಂದೆ ಬೇಯುವ ಕೆಲಸವನ್ನು ಹೆಣ್ಣಿಗೇ ಬಿಟ್ಟು, ಮನೆಯಡುಗೆಯ ಮಹಿಮೆ ಹಾಡುವುದು ನ್ಯಾಯವೂ ಅಲ್ಲ. ಆದರೆ ಸಮಯ ಉಳಿಸುವ ತಿಂಡಿ ಸಕ್ಕರೆಯದೇ ಆಗಿರಬೇಕೆಂದಿಲ್ಲ. ನೆನೆಸಿದ ಅವಲಕ್ಕಿಗೂ, ಹಾಲಿಗೆ ಕಲಸಿದ ಹುರಿಹಿಟ್ಟಿಗೂ ಬೇಕಾಗುವುದು ಐದು ನಿಮಿಷ.

ಈ ಹೋಲಿಕೆ ತೋರಿಸುವುದು ಇಷ್ಟೇ. ಬ್ಯಾಟಲ್ ಕ್ರೀಕ್, ಜ್ಯೂರಿಕ್, ಸಿಡ್ನಿಗಳ ಬಟ್ಟಲುಗಳಲ್ಲಿ ಧಾನ್ಯ ಮೂಲತಃ ಒಂದೇ. ಯಾವ ದೇಶದಲ್ಲಿ ಆ ಬಟ್ಟಲಿನ ಹೊಣೆ ಮನೆಯವರ, ವೈದ್ಯರ, ಕಾನೂನಿನ ಕೈಯಲ್ಲಿ ಉಳಿಯಿತೋ ಅಲ್ಲಿ ಅದು ಬಹುಮಟ್ಟಿಗೆ ಆಹಾರವಾಗಿ ಉಳಿಯಿತು. ಎಲ್ಲಿ ಅದು ಜಾಹೀರಾತಿನವರ ಕೈಗೆ ಜಾರಿತೋ ಅಲ್ಲಿ ಮಿಠಾಯಿಯಾಯಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಪೊಟ್ಟಣಗಳ ಮುಖದ ಮೇಲೆ ನಕ್ಷತ್ರಗಳ ಗುರುತು ಹಾಕುವ ಕರಡು ಹೊರಡಿಸಿತು. ನಕ್ಷತ್ರವಲ್ಲ, ಚಿಲಿಯಂತೆ ನೇರ ಎಚ್ಚರಿಕೆ ಬೇಕು ಎಂದು ಆರೋಗ್ಯ ಕ್ಷೇತ್ರದ ಹಲವರು ವಾದಿಸಿದರು. ಈ ವಾದದಲ್ಲಿ ಗ್ರಾಹಕರ ದನಿ ಇನ್ನೂ ಕ್ಷೀಣವಾಗಿದೆ.

ಕೆಲ್ಲಾಗ್ ಸೋದರರ ಕಂಪನಿಯೂ ಹಳೆಯ ರೂಪದಲ್ಲಿ ಉಳಿದಿಲ್ಲ. 2023ರಲ್ಲಿ ಅದು ಎರಡು ಹೋಳಾಯಿತು. ಅಮೆರಿಕದ ಧಾನ್ಯ ತಿಂಡಿಗಳ ಹೋಳನ್ನು 2025ರಲ್ಲಿ ಕೊಂಡದ್ದು ಚಾಕೊಲೇಟಿಗೆ ಹೆಸರಾದ ಇಟಲಿಯ ಫೆರೆರೊ. ಸಕ್ಕರೆಯನ್ನು ವಿಷದಂತೆ ಕಂಡ ವೈದ್ಯನ ಪಥ್ಯ ಕೊನೆಗೆ ಸೇರಿದ್ದು ಮಿಠಾಯಿಯವರ ಮಡಿಲನ್ನು. ಅವಲಕ್ಕಿಯನ್ನು ಹಾಗೆ ಮಾರಲು ಬಾರದು, ಏಕೆಂದರೆ ಅದಕ್ಕೆ ಒಡೆಯನಿಲ್ಲ. ಅದನ್ನು ಕಳೆದುಕೊಳ್ಳಲು ಇರುವುದು ಒಂದೇ ದಾರಿ, ನಾವಾಗಿಯೇ ಬಿಟ್ಟುಬಿಡುವುದು.